ಹೊತ್ತಿಗೊದಗುವ ಗಣಕ: ಯಸಳೂರಿನ ಆನೆದಾರಿಯೂ ಸಂಶೋಧನೆಯ ಹಣವೂ

ಗಣಕಯಂತ್ರವೆಂದೊಡನೆ ಬಹುಮಂದಿಯ ಕಣ್ಣಮುಂದೆ ನಿಲ್ಲುವುದು ಮೇಜಿನ ಮೇಲಿನ ಪೆಟ್ಟಿಗೆ, ಅದರ ತೆರೆ, ಅದರ ಕೀಲಿಮಣೆ. ಆದರೆ ಇಂದು ಲೋಕದಲ್ಲಿ ಕೆಲಸ ಮಾಡುತ್ತಿರುವ ಗಣಕಗಳಲ್ಲಿ ಹೆಚ್ಚಿನವು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಮನೆಯ ವಿದ್ಯುತ್ ಮೀಟರಿನೊಳಗೆ, ಬಟ್ಟೆ ಒಗೆಯುವ ಯಂತ್ರದೊಳಗೆ, ಹೊಸ ಬೈಕಿನ ಎಂಜಿನ್ನಿಗೆ ಪೆಟ್ರೋಲನ್ನು ಅಳೆದು ಊಡುವ ಭಾಗದೊಳಗೆ, ಆಸ್ಪತ್ರೆಯಲ್ಲಿ ರೋಗಿಯ ರಕ್ತನಾಳಕ್ಕೆ ಔಷಧವನ್ನು ಹನಿಹನಿಯಾಗಿ ಬಿಡುವ ಪಂಪಿನೊಳಗೆ ಉಗುರಗಲದ ಒಂದೊಂದು ಗಣಕ ಅಡಗಿ ಕುಳಿತಿದೆ. ಇವನ್ನು ಎಂಬೆಡೆಡ್ ಗಣಕಗಳೆನ್ನುವರು. ನಾವು ಇಲ್ಲಿ ಹುದುಗುಗಣಕಗಳೆಂದು ಕರೆಯೋಣ. ಇವುಗಳಲ್ಲಿ ಒಂದು ವಿಶೇಷ ವರ್ಗವುಂಟು. ಲೆಕ್ಕ ಸರಿಯಾಗಿದ್ದರೆ ಸಾಲದು, ಗೊತ್ತಾದ ಗಡುವಿನೊಳಗೆ ಮುಗಿಯಲೂ ಬೇಕು ಎಂಬುದು ಅವುಗಳಿಗಿರುವ ಕಟ್ಟಳೆ. ತಿಂಗಳ ವಿದ್ಯುತ್ ಬಿಲ್ಲು ಎರಡು ದಿನ ತಡವಾದರೆ ಯಾರಿಗೂ ಕೇಡಿಲ್ಲ. ಔಷಧದ ಪಂಪು ನಾಳದಲ್ಲಿ ಗಾಳಿಗುಳ್ಳೆ ಬಂದುದನ್ನು ಎರಡು ನಿಮಿಷ ತಡವಾಗಿ ತಿಳಿದರೆ ಅದು ತಿಳಿದೂ ವ್ಯರ್ಥ. ಇಂತಹವಕ್ಕೆ ರಿಯಲ್ ಟೈಮ್ ವ್ಯವಸ್ಥೆಗಳೆಂದು ಹೆಸರು. ಈ ಹೆಸರನ್ನು ಕೇಳಿದವರು ಅತಿವೇಗದ ಯಂತ್ರಗಳೆಂದು ಭಾವಿಸುವುದುಂಟು, ಅದು ಸರಿಯಲ್ಲ. ವೇಗ ಬೇರೆ, ಗಡುವು ಬೇರೆ. ಗಡುವು ಒಂದು ಸಾವಿರಾಂಶ ಸೆಕೆಂಡು ಇರಬಹುದು, ಹತ್ತು ನಿಮಿಷವೂ ಇರಬಹುದು. ಅದನ್ನು ನಿಶ್ಚಯಿಸುವುದು ಯಂತ್ರವಲ್ಲ, ಯಂತ್ರದ ಹೊರಗಿನ ಲೋಕ.

ಇಂತಹ ಗಣಕಗಳ ಸಂಶೋಧನೆಗೆ ಸಾರ್ವಜನಿಕರ ಹಣವನ್ನು ಯಾವ ರೀತಿಯಲ್ಲಿ ಯೋಜಿಸಿ ಹಂಚಬೇಕು ಎಂಬ ಪ್ರಶ್ನೆಯನ್ನು ಈ ಲೇಖನದಲ್ಲಿ ಎತ್ತಿಕೊಂಡಿದ್ದೇವೆ. ದೆಹಲಿಯ ಕಡತಗಳಿಂದ ಆರಂಭಿಸುವುದಕ್ಕಿಂತ ಹಾಸನ ಜಿಲ್ಲೆಯ ಒಂದು ಹೋಬಳಿಯಿಂದ ಆರಂಭಿಸಿದರೆ ವಿಷಯ ಬೇಗ ತಿಳಿಯಾಗುವುದೆಂದು ನಮ್ಮ ಎಣಿಕೆ.

ಸಕಲೇಶಪುರ ತಾಲ್ಲೂಕಿನ ಯಸಳೂರು ಪಶ್ಚಿಮಘಟ್ಟದ ಅಂಚಿನ ಮಲೆನಾಡು. ಇಳಿಜಾರುಗಳಲ್ಲಿ ನೆರಳುಮರಗಳ ಕೆಳಗೆ ಕಾಫಿ, ಮರಗಳಿಗೆ ಹಬ್ಬಿದ ಮೆಣಸು, ಅಲ್ಲಲ್ಲಿ ಏಲಕ್ಕಿ, ತಗ್ಗಿನ ಗದ್ದೆಗಳಲ್ಲಿ ಭತ್ತ, ಇವುಗಳ ನಡುನಡುವೆ ಕಾಡಿನ ತುಂಡುಗಳು. ಇಲ್ಲಿ ಮತ್ತು ನೆರೆಯ ಆಲೂರು ಭಾಗದಲ್ಲಿ ಕಾಡಾನೆಗಳು ತೋಟಗಳೊಳಗೇ ಹಗಲು ಕಳೆಯುತ್ತವೆ. ಒಂದು ಕಡೆ ಕಾಡು, ಒಂದು ಕಡೆ ಊರು, ನಡುವೆ ಗೆರೆ ಎಂಬ ವ್ಯವಸ್ಥೆ ಇಲ್ಲಿಲ್ಲ. ಉಚ್ಚ ನ್ಯಾಯಾಲಯದ ಆದೇಶದಂತೆ ರಚಿತವಾಗಿ, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ರಾಮನ್ ಸುಕುಮಾರ್ ಅವರು ಅಧ್ಯಕ್ಷರಾಗಿದ್ದ ಕರ್ನಾಟಕ ಆನೆ ಕಾರ್ಯಪಡೆ ೨೦೧೨ರ ಸೆಪ್ಟೆಂಬರಿನಲ್ಲಿ ಕೊಟ್ಟ ವರದಿಯಲ್ಲಿ ಈ ಪ್ರದೇಶದ ಆನೆಗಳನ್ನು ಹಿಡಿದು ತೆಗೆಯಬೇಕೆಂಬ ಸಲಹೆಯಿತ್ತು. ಅದರಂತೆ ೨೦೧೪ರಲ್ಲಿ ೨೨ ಆನೆಗಳನ್ನು ಹಿಡಿಯಲಾಯಿತು. ಬಳಿಕ ಬೇರೆ ಆನೆಗಳು ಬಂದು ನೆಲೆಸಿದವು. ಹೀಗಾಗಿ ಉಳಿದಿರುವ ಉಪಾಯವೆಂದರೆ ಆನೆ ಎಲ್ಲಿದೆ ಎಂಬುದನ್ನು ಜನರಿಗೆ ಹೊತ್ತಿಗೆ ಸರಿಯಾಗಿ ತಿಳಿಸುವುದು. ಹಿಂಡಿನ ಒಂದು ಹೆಣ್ಣಾನೆಯ ಕೊರಳಿಗೆ ಪಟ್ಟಿಯೊಂದನ್ನು ತೊಡಿಸುವರು. ರೇಡಿಯೋ ಕಾಲರ್ ಎಂದು ಊರವರೆಲ್ಲರಿಗೂ ಪರಿಚಿತವಾಗಿರುವ ಈ ಪಟ್ಟಿಯೊಳಗೆ ಉಪಗ್ರಹಗಳ ಸಂಕೇತದಿಂದ ತನ್ನ ಸ್ಥಾನವನ್ನು ಲೆಕ್ಕಹಾಕುವ ಜಿ.ಪಿ.ಎಸ್. ಭಾಗ, ಆ ಸ್ಥಾನವನ್ನು ಮೊಬೈಲ್ ಜಾಲದ ಮೂಲಕ ಕಳುಹಿಸುವ ಭಾಗ, ಇವೆರಡನ್ನೂ ಆಳುವ ಹುದುಗುಗಣಕ ಮತ್ತು ವಿದ್ಯುತ್ಕೋಶಗಳು ಇರುತ್ತವೆ. ಸುದ್ದಿ ಬಂದ ಮೇಲೆ ಅರಣ್ಯ ಇಲಾಖೆಯವರು ಮೊಬೈಲಿನ ಸಂದೇಶ, ಧ್ವನಿಕರೆ, ರಸ್ತೆಬದಿಯ ಬೆಳಕಿನ ಫಲಕ ಇವುಗಳ ಮೂಲಕ ಜನರನ್ನು ಎಚ್ಚರಿಸುವರು. ಈ ಎಚ್ಚರಿಕೆಯ ಏರ್ಪಾಡಿನಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆಯವರು ಇಲಾಖೆಯೊಡನೆ ದುಡಿದಿದ್ದಾರೆ.

ಗಡುವಿನ ಲೆಕ್ಕ

ಈಗ ಭೌತವಿಜ್ಞಾನದ ಒಂದು ಸಣ್ಣ ಲೆಕ್ಕ ಮಾಡೋಣ. ಆನೆ ಸಾಮಾನ್ಯ ನಡಿಗೆಯಲ್ಲಿ ಗಂಟೆಗೆ ೪ ಕಿಲೋಮೀಟರು ಸಾಗುವುದೆಂದಿಟ್ಟುಕೊಳ್ಳಿ. ಅಂದರೆ ೧೫ ನಿಮಿಷಕ್ಕೆ ೧ ಕಿಲೋಮೀಟರು. ಬೆಳಗಿನ ಮಂಜಿನಲ್ಲಿ ಲೈನುಮನೆಯಿಂದ ಹೊರಟು ತೋಟದ ಕಾಲುದಾರಿ ಹಿಡಿದ ಕೂಲಿಯವಳಿಗೆ ಎಚ್ಚರಿಕೆ ತಲುಪಿ, ಅವಳು ಹಿಂದಿರುಗಿ ಮನೆ ಸೇರಲು ೧೦ ನಿಮಿಷ ಬೇಕೆನ್ನೋಣ. ಹಾಗಾದರೆ ಆನೆ ಇನ್ನೂ ಸುಮಾರು ೭೦೦ ಮೀಟರು ದೂರದಲ್ಲಿರುವಾಗಲೇ ಸುದ್ದಿ ಅವಳ ಕಿವಿಗೆ ಬೀಳಬೇಕು. ಇದೇ ಇಲ್ಲಿನ ಗಡುವು.

ಕಾಲರು ಗಂಟೆಗೊಂದು ಸಲ ಮಾತ್ರ ಸ್ಥಾನ ತಿಳಿಸುತ್ತದೆಯೆನ್ನಿ. ಮುಂದಿನ ಸುದ್ದಿ ಬರುವ ತನಕ ಆನೆ ೪ ಕಿಲೋಮೀಟರು ತ್ರಿಜ್ಯದ ವೃತ್ತದೊಳಗೆ ಎಲ್ಲಿ ಬೇಕಾದರೂ ಇರಬಹುದು. ಆ ವೃತ್ತದ ವಿಸ್ತೀರ್ಣ ಸುಮಾರು ೫೦ ಚದರ ಕಿಲೋಮೀಟರು. ಅಷ್ಟು ಪ್ರದೇಶದ ಜನರನ್ನೆಲ್ಲ ಎಚ್ಚರಿಸಿದರೆ ನೂರರಲ್ಲಿ ತೊಂಬತ್ತೆಂಟು ಮಂದಿಗೆ ಆನೆ ಕಾಣಿಸದು. ನಾಲ್ಕು ದಿನ ಹೀಗಾದರೆ ಐದನೆಯ ದಿನ ಯಾರೂ ಕಿವಿಗೊಡುವುದಿಲ್ಲ. ಕಾಲು ಗಂಟೆಗೊಮ್ಮೆ ತಿಳಿಸಿದರೆ ತ್ರಿಜ್ಯ ೧ ಕಿಲೋಮೀಟರಿಗೆ ಇಳಿಯುವುದು, ವಿಸ್ತೀರ್ಣ ೩ ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ಸುದ್ದಿಯ ಸಂಖ್ಯೆ ನಾಲ್ಕು ಪಟ್ಟಾದರೆ ವ್ಯರ್ಥವಾಗಿ ಬೆದರುವ ಪ್ರದೇಶ ಹದಿನಾರನೆಯ ಒಂದು ಪಾಲಿಗೆ ಕುಗ್ಗುವುದು. ಲಾಭ ವರ್ಗದ ಪ್ರಮಾಣದಲ್ಲಿ ಬರುತ್ತದೆ.

ಹಾಗಿದ್ದರೆ ಕಾಲು ಗಂಟೆಗೊಮ್ಮೆಯೇ ಕಳುಹಿಸಬಾರದೇಕೆ? ಇಲ್ಲಿ ವಿದ್ಯುತ್ಕೋಶ ಅಡ್ಡ ಬರುತ್ತದೆ. ಲೆಕ್ಕಕ್ಕಾಗಿ ಕೆಲವು ದುಂಡು ಅಂಕೆಗಳನ್ನು ತೆಗೆದುಕೊಳ್ಳೋಣ. ಜಿ.ಪಿ.ಎಸ್. ಭಾಗ ೦.೧ ವ್ಯಾಟಿನಂತೆ ೪೦ ಸೆಕೆಂಡು ದುಡಿದರೆ ೪ ಜೂಲ್ ಶಕ್ತಿ ವ್ಯಯ. ಮೊಬೈಲ್ ಭಾಗ ಜಾಲವನ್ನು ಹುಡುಕಿ ಸುದ್ದಿ ಕಳುಹಿಸಲು ಸರಾಸರಿ ೧ ವ್ಯಾಟಿನಂತೆ ೨೦ ಸೆಕೆಂಡು ದುಡಿದರೆ ೨೦ ಜೂಲ್. ಒಟ್ಟು ೨೪ ಜೂಲ್. ಟಾರ್ಚಿನ ದಪ್ಪ ಸೆಲ್ಲಿನ ಗಾತ್ರದ ಒಂದು ಲಿಥಿಯಂ ಕೋಶ ೩.೬ ವೋಲ್ಟಿನಲ್ಲಿ ೧೯ ಆಂಪಿಯರ್-ಗಂಟೆ ಕೊಡಬಲ್ಲದು. ಅಂದರೆ ಸುಮಾರು ೨,೪೬,೦೦೦ ಜೂಲ್. ಎರಡು ಕೋಶಗಳಿದ್ದರೆ ಸುಮಾರು ೨೦,೫೦೦ ಸುದ್ದಿಗಳನ್ನು ಕಳುಹಿಸಬಹುದು. ಗಂಟೆಗೊಂದರಂತೆ ಇದು ೮೫೪ ದಿನ, ಎಂದರೆ ಎರಡು ವರ್ಷ ನಾಲ್ಕು ತಿಂಗಳು ಬಾಳುವುದು. ಕಾಲು ಗಂಟೆಗೊಂದರಂತಾದರೆ ೨೧೩ ದಿನ, ಬರಿಯ ಏಳು ತಿಂಗಳು. ಕಣಿವೆಯ ತಳದಲ್ಲಿ ಸಂಕೇತ ಸಿಗದೆ ಮೊಬೈಲ್ ಭಾಗ ಮತ್ತೆ ಮತ್ತೆ ಹುಡುಕುತ್ತಿದ್ದರೆ ಇನ್ನೂ ಕಡಿಮೆ. ಯಸಳೂರಿನಂತಹ ಗುಡ್ಡಗಾಡಿನಲ್ಲಿ ಇದು ಅಪರೂಪದ ಸಂಗತಿಯಲ್ಲ.

ಕೋಶ ಬರಿದಾದರೆ ಬದಲಾಯಿಸಬಹುದಲ್ಲ ಎಂದು ವಾಚಕರು ಕೇಳಬಹುದು. ಕೈಗಡಿಯಾರದ ಸೆಲ್ಲಿನಂತೆ ಇದನ್ನು ಬದಲಾಯಿಸಲಾಗದು. ಸಾಕಾನೆಗಳ ತಂಡ ಕಟ್ಟಿಕೊಂಡು, ತೋಟದ ಮರೆಯಲ್ಲಿ ಆನೆಯನ್ನು ಹುಡುಕಿ, ಅರಿವಳಿಕೆಯ ಚುಚ್ಚುಮದ್ದನ್ನು ಕೋವಿಯಿಂದ ಹಾರಿಸಿ, ಅದು ಮಂಪರಿನಲ್ಲಿರುವ ಸ್ವಲ್ಪ ಹೊತ್ತಿನೊಳಗೆ ಪಟ್ಟಿ ತೊಡಿಸಬೇಕು. ೨೦೨೩ರ ಆಗಸ್ಟ್ ೩೧ರಂದು ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡ ಸಲಗವೊಂದಕ್ಕೆ ಚಿಕಿತ್ಸೆ ಮಾಡಲೆಂದು ಅರಿವಳಿಕೆ ಹಾರಿಸಿದ ಅನುಭವಿ ಕೈಯೊಂದು ಅದೇ ಆನೆಯ ದಾಳಿಯಿಂದ ಇಲ್ಲವಾಯಿತು. ಅದೇ ವರ್ಷದ ಡಿಸೆಂಬರ್ ೪ರಂದು ಯಸಳೂರು ಅರಣ್ಯವಲಯದ ದಬ್ಬಳ್ಳಿಕಟ್ಟೆಯ ಬಳಿ, ಕಾಡಾನೆಗಳನ್ನು ಹಿಡಿದು ಕಾಲರು ತೊಡಿಸುವ ಕಾರ್ಯಾಚರಣೆ ನಡೆದಿದ್ದಾಗ, ಸಾಕಾನೆ ಅರ್ಜುನ ಕಾಡು ಸಲಗದೊಡನೆ ಸೆಣಸಿ ಸತ್ತಿತು. ೨೦೧೨ರಿಂದ ೨೦೧೯ರವರೆಗೆ ಮೈಸೂರು ದಸರೆಯಲ್ಲಿ ೭೫೦ ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಹೊತ್ತ ಆನೆ ಅದು. ನಾಡಿಗೆ ನಾಡೇ ಮರುಗಿತು. ಮರುಕದ ನಡುವೆ ಒಂದು ತಾಂತ್ರಿಕ ಸಂಗತಿ ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಕಾಲರೊಂದರ ಆಯುಷ್ಯ ಒಂದು ವರ್ಷ ಹೆಚ್ಚಿದರೆ ಇಂತಹ ಕಾರ್ಯಾಚರಣೆ ಒಂದು ಸಲ ಕಡಿಮೆಯಾಗುವುದು. ಅಂದರೆ ಸುದ್ದಿಗೆ ವ್ಯಯವಾಗುವ ಆ ೨೪ ಜೂಲಿನಲ್ಲಿ ಉಳಿಸಿದ ಒಂದೊಂದು ಜೂಲಿಗೂ ಮಾವುತ, ಕಾವಾಡಿ, ವೈದ್ಯ, ಆನೆ ಇವರ ಪ್ರಾಣದ ನಂಟಿದೆ.

ಶಕ್ತಿಯನ್ನೂ ಉಳಿಸಿ ಗಡುವನ್ನೂ ಕಾಯುವ ದಾರಿಯಿಲ್ಲವೆ? ಉಂಟು. ಕಾಲರು ಎಲ್ಲ ಹೊತ್ತಿನಲ್ಲಿಯೂ ಒಂದೇ ಲಯದಲ್ಲಿ ದುಡಿಯಬೇಕೆಂಬ ನಿಯಮವಿಲ್ಲ. ಬೇರೆ ಕಡೆಗಳಲ್ಲಿ ಕಾಡಿನಂಚಿಗೆ ನಕ್ಷೆಯಲ್ಲಿ ಒಂದು ಗೆರೆ ಎಳೆದು, ಆನೆ ಗೆರೆಯನ್ನು ಸಮೀಪಿಸಿದಾಗ ಮಾತ್ರ ಸುದ್ದಿಯನ್ನು ಹೆಚ್ಚಿಸುವ ವಿಧಾನವಿದೆ. ಯಸಳೂರಿನಲ್ಲಿ ಆನೆ ಗೆರೆಯ ಈಚೆಗೇ ಮಲಗಿರುವುದರಿಂದ ಈ ವಿಧಾನ ಇಲ್ಲಿಗೆ ಹೊಂದದು. ಇಲ್ಲಿ ನೋಡಬೇಕಾದುದು ಮನುಷ್ಯರ ಗಡಿಯಾರವನ್ನು. ಬೆಳಿಗ್ಗೆ ಸುಮಾರು ಎರಡು ಗಂಟೆ, ಸಂಜೆ ಎರಡು ಗಂಟೆ, ಕೂಲಿಯವರೂ ಶಾಲೆಯ ಮಕ್ಕಳೂ ದಾರಿಯಲ್ಲಿರುವ ಹೊತ್ತು. ಆ ನಾಲ್ಕು ಗಂಟೆಗಳಲ್ಲಿ ೧೦ ನಿಮಿಷಕ್ಕೊಂದರಂತೆ ೨೪ ಸುದ್ದಿ, ಉಳಿದ ೨೦ ಗಂಟೆಗಳಲ್ಲಿ ಗಂಟೆಗೊಂದರಂತೆ ೨೦ ಸುದ್ದಿ, ದಿನಕ್ಕೆ ೪೪. ಮೇಲಿನ ಕೋಶಗಳೇ ಈಗ ೪೬೬ ದಿನ ಬಾಳುವುವು. ದಿನವಿಡೀ ೧೦ ನಿಮಿಷಕ್ಕೊಂದರಂತೆ ಕಳುಹಿಸಿದ್ದರೆ ೧೪೨ ದಿನಕ್ಕೇ ಮುಗಿಯುತ್ತಿತ್ತು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಈ ವೇಳಾಪಟ್ಟಿ ಬದಲಾಗಬೇಕು, ಮಳೆಗಾಲದಲ್ಲಿ ಮತ್ತೆ ಬದಲಾಗಬೇಕು. ಇದನ್ನು ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ಕುಳಿತು ಊಹಿಸುವುದು ಕಷ್ಟ. ತೋಟದ ಮೇಸ್ತ್ರಿಯನ್ನು ಕೇಳಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ.

ಹಣದ ದಾರಿ

ಬಹುಕಾಲ ನಮ್ಮ ಆನೆಗಳ ಕೊರಳಿಗೆ ಹೊರದೇಶದ ಕಾಲರುಗಳೇ ಬೀಳುತ್ತಿದ್ದವು. ೨೦೨೫ರ ಮಾರ್ಚಿಯಲ್ಲಿ ಕರ್ನಾಟಕದ ಅರಣ್ಯ ಇಲಾಖೆ ಬೆಂಗಳೂರಿನ ಸಂಸ್ಥೆಯೊಂದರ ನೆರವಿನಿಂದ ಸಿದ್ಧವಾದ 'ಕೆ.ಪಿ. ಟ್ರ್ಯಾಕರ್' ಎಂಬ ಸ್ವದೇಶಿ ಕಾಲರನ್ನು ಹೊರತಂದಿತು. ಆಮದಾದ ಕಾಲರಿಗೆ ಸುಮಾರು ೬.೫ ಲಕ್ಷ ರೂಪಾಯಿ, ಇದಕ್ಕೆ ಸುಮಾರು ೧.೮ ಲಕ್ಷ ಎಂದು ಆಗ ಪ್ರಕಟವಾಯಿತು. ಸಂತೋಷಪಡಬೇಕಾದ ವಿಷಯವೇ. ಬೆಲೆಗಿಂತ ಮುಖ್ಯವಾದ ಇನ್ನೊಂದು ಲಾಭವನ್ನೂ ನಾವು ಇದರಲ್ಲಿ ಕಾಣುತ್ತೇವೆ. ಹೊರಗಿನಿಂದ ಕೊಂಡ ಯಂತ್ರದ ಒಳಗಿನ ಲೆಕ್ಕವನ್ನು, ಮೇಲೆ ಹೇಳಿದ ವೇಳಾಪಟ್ಟಿಯಂತಹುದನ್ನು, ನಮಗೆ ಬೇಕಾದಂತೆ ತಿದ್ದುವ ಸ್ವಾತಂತ್ರ್ಯ ಅಪರೂಪ. ನಮ್ಮಲ್ಲೇ ಹುಟ್ಟಿದುದನ್ನು ತಿದ್ದಬಹುದು. ಆದರೆ ತಿದ್ದುವವರು ಬೇಕು, ತಿದ್ದಿದುದನ್ನು ಪರೀಕ್ಷಿಸುವ ಸ್ಥಳ ಬೇಕು, ಇವೆರಡಕ್ಕೂ ವರ್ಷವರ್ಷವೂ ಹಣ ಬೇಕು.

ಹುದುಗುಗಣಕಗಳಿಗೆ ಸಾರ್ವಜನಿಕ ಧನವನ್ನು ಪ್ರತ್ಯೇಕವಾಗಿ ಯೋಜಿಸುವ ಪದ್ಧತಿ ಲೋಕದಲ್ಲಿ ಹಳೆಯದೇನಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಲ್ಲಿ ಹೆಲೆನ್ ಗಿಲ್ ಎಂಬುವರು ೨೦೦೬ರಲ್ಲಿ ಸೈಬರ್-ಭೌತಿಕ ವ್ಯವಸ್ಥೆಗಳು ಎಂಬ ಹೆಸರನ್ನು ಟಂಕಿಸಿದರು, ಅಂದರೆ ಗಣಕವೂ ಹೊರಗಿನ ಭೌತಲೋಕವೂ ಹೆಣೆದುಕೊಂಡ ವ್ಯವಸ್ಥೆಗಳು. ಯೂರೋಪಿನಲ್ಲಿ ಸರ್ಕಾರಗಳೂ ಕೈಗಾರಿಕೆಗಳೂ ಕೂಡಿ ಆರ್ಟೆಮಿಸ್ ಎಂಬ ಜಂಟಿ ಯೋಜನೆಯನ್ನು ಅದೇ ದಶಕದಲ್ಲಿ ಕಟ್ಟಿದವು. ಭಾರತದಲ್ಲಿ ೨೦೧೮ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಇದೇ ಹೆಸರಿನ ರಾಷ್ಟ್ರೀಯ ಅಭಿಯಾನಕ್ಕೆ ಐದು ವರ್ಷಗಳಿಗೆ ೩,೬೬೦ ಕೋಟಿ ರೂಪಾಯಿಗಳನ್ನು ಒಪ್ಪಿತು. ಅದರಡಿ ೨೫ ಕೇಂದ್ರಗಳು ಹುಟ್ಟಿದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್ಟ್‌ಪಾರ್ಕ್ ಅವುಗಳಲ್ಲೊಂದು, ಅದಕ್ಕೆ ರಾಜ್ಯ ಸರ್ಕಾರವೂ ಹಣ ಕೂಡಿಸಿತು. ಆ ಸಂಸ್ಥೆಗೆ ಈ ವಿಷಯ ಹೊಸದಲ್ಲ. ೧೯೭೪ರಲ್ಲಿಯೇ ಸ್ವಿಸ್ ಸರ್ಕಾರದ ಸಹಕಾರದಿಂದ ಅಲ್ಲಿ ಇಲೆಕ್ಟ್ರಾನಿಕ್ ಉಪಕರಣಗಳ ವಿನ್ಯಾಸಕ್ಕೆಂದೇ ಒಂದು ಕೇಂದ್ರ ಸ್ಥಾಪಿತವಾಗಿತ್ತು.

ಈ ಕೇಂದ್ರದವರು ಈ ಶತಮಾನದ ಮೊದಲ ದಶಕದಲ್ಲಿ ಲೋಸಾನಿನ ತಂತ್ರಜ್ಞಾನ ಸಂಸ್ಥೆಯೊಡನೆ ಕೂಡಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಮಾಡಿದ ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಮಳೆಯನ್ನೇ ನಂಬಿದ ಹೊಲಗಳಲ್ಲಿ ಮಣ್ಣಿನ ತೇವ ಮೊದಲಾದುವನ್ನು ಅಳೆದು ತಂತಿಯಿಲ್ಲದೆ ಕಳುಹಿಸುವ ಸಣ್ಣ ಸಾಧನಗಳ ಜಾಲವದು. ಅವರು ಯಂತ್ರವನ್ನು ರಚಿಸುವ ಮೊದಲು ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿ, ರೈತರಿಗೆ ಬೇಕಾದ ತಿಳಿವಳಿಕೆ ಯಾವುದು ಎಂದು ಕೇಳಿದರು. ಈ ಕ್ರಮವೇ ಸರಿಯಾದುದೆಂದು ನಮ್ಮ ಅಭಿಪ್ರಾಯ. ಹಾಗೆ ಕೇಳಿದರೆ ತಾನೇ ಗಡುವು ಗೊತ್ತಾಗುವುದು? ಮಣ್ಣಿನ ತೇವದ ಗಡುವು ದಿನಗಳಲ್ಲಿ. ಇಂದಿನ ಅಳತೆ ತಪ್ಪಿಹೋದರೆ ನಾಳೆಯದು ಉಪಯೋಗಕ್ಕೆ ಬರುತ್ತದೆ. ಯಸಳೂರಿನ ಗಡುವು ನಿಮಿಷಗಳಲ್ಲಿ. ೨೦೨೪ರ ಫೆಬ್ರವರಿಯಲ್ಲಿ ಕೊಯಮತ್ತೂರಿನ ಮದುಕ್ಕರೈ ಬಳಿ ತಮಿಳುನಾಡು ಅರಣ್ಯ ಇಲಾಖೆ ರೈಲುಹಳಿಗಳ ಪಕ್ಕದಲ್ಲಿ ೧೨ ಗೋಪುರಗಳನ್ನು ನಿಲ್ಲಿಸಿ, ಕ್ಯಾಮರಾಗಳಿಂದ ಆನೆಯನ್ನು ಗುರುತಿಸುವ ಏರ್ಪಾಡಿಗೆ ೭.೨೪ ಕೋಟಿ ರೂಪಾಯಿ ವೆಚ್ಚ ಮಾಡಿತು. ಗಂಟೆಗೆ ೬೦ ಕಿಲೋಮೀಟರಿನಲ್ಲಿ ಓಡುವ ರೈಲು ನಿಮಿಷಕ್ಕೆ ಒಂದು ಕಿಲೋಮೀಟರು ಬರುತ್ತದೆ, ನಿಲ್ಲಲು ನೂರಾರು ಮೀಟರು ಬೇಕು. ಅಲ್ಲಿಯ ಗಡುವು ಸೆಕೆಂಡುಗಳಲ್ಲಿ. ಈ ಮೂರೂ ಹುದುಗುಗಣಕಗಳೇ, ಮೂರಕ್ಕೂ ತಂತಿಯಿಲ್ಲದ ಜಾಲವೇ. ಆದರೂ ಒಂದಕ್ಕೆ ತಕ್ಕ ವೆಚ್ಚ ಇನ್ನೊಂದಕ್ಕೆ ತಗದು. ಆದ್ದರಿಂದ ಧನಸಹಾಯಕ್ಕಾಗಿ ಅರ್ಜಿ ಕರೆಯುವ ಪ್ರಕಟಣೆಯಲ್ಲಿ 'ನವೀನ ಸಾಧನಗಳು' ಎಂದು ಬರೆಯುವುದಕ್ಕೆ ಮೊದಲು ಗಡುವೆಷ್ಟು, ಅದನ್ನು ತಪ್ಪಿದರೆ ನಷ್ಟ ಯಾರಿಗೆ, ನೂರಕ್ಕೆ ಎಷ್ಟು ಸಲ ತಪ್ಪಬಹುದು ಎಂಬುದನ್ನು ಬರೆಯತಕ್ಕದ್ದು. ಇವುಗಳಿಗೆ ಉತ್ತರವಿಲ್ಲದ ಅರ್ಜಿ ಎಷ್ಟೇ ಸೊಗಸಾಗಿದ್ದರೂ ಅದನ್ನು ಬದಿಗಿಡಬಹುದು.

ಹಾಗೆಂದು ಕೂಡಲೇ ಉಪಯೋಗ ಕಾಣದ ಸಿದ್ಧಾಂತಕ್ಕೆ ಹಣ ಬೇಡವೆಂದು ನಾವು ಹೇಳುವವರಲ್ಲ. ಒಂದು ಪ್ರಸಿದ್ಧ ನಿದರ್ಶನ ಕೇಳಿ. ಕಾಫಿ ತೋಟವೊಂದರಲ್ಲಿ ಒಂದೇ ಜೀಪು. ಅದರ ಕೀಲಿಕೈ ಒಬ್ಬ ಹುಡುಗನ ಬಳಿ. ಸಾಹುಕಾರರಿಗೆ ತುರ್ತಾಗಿ ಜೀಪು ಬೇಕು. ಹುಡುಗ ಕೈಯಲ್ಲಿರುವ ಕೆಲಸ ಮುಗಿಸಿ ಕೀಲಿಕೈಯನ್ನು ತಂದುಕೊಡಲು ಸಿದ್ಧನೇ. ಆದರೆ ನಡುವೆ ಮೇಸ್ತ್ರಿಗಳು ಒಬ್ಬರಾದ ಮೇಲೊಬ್ಬರು ಅವನಿಗೆ ಬೇರೆ ಬೇರೆ ಕೆಲಸ ಹೇಳುತ್ತಾರೆ. ಮೇಸ್ತ್ರಿ ಹುಡುಗನಿಗಿಂತ ದೊಡ್ಡವನಾದ್ದರಿಂದ ಹುಡುಗ ಮರುಮಾತಾಡುವಂತಿಲ್ಲ. ಕೊನೆಗೆ ಎಲ್ಲರಿಗಿಂತ ದೊಡ್ಡವರಾದ ಸಾಹುಕಾರರೇ ಎಲ್ಲರಿಗಿಂತ ಹೆಚ್ಚು ಕಾಯಬೇಕಾಗುವುದು. ೧೯೯೭ರ ಜುಲೈಯಲ್ಲಿ ಮಂಗಳಗ್ರಹದ ಮೇಲಿಳಿದ ಪಾತ್‌ಫೈಂಡರ್ ನೌಕೆಯ ಗಣಕದಲ್ಲಿ ನಡೆದುದು ಇದೇ. ಹವಾಮಾನದ ಅಳತೆಗಳನ್ನು ಬರೆಯುವ ಕೆಳದರ್ಜೆಯ ಕೆಲಸ ಎಲ್ಲಕ್ಕೂ ಬೇಕಾದ ಒಂದು ಬೀಗವನ್ನು ಹಿಡಿದಿತ್ತು, ನಡುದರ್ಜೆಯ ಕೆಲಸಗಳು ಅದನ್ನು ಮುಗಿಯಗೊಡಲಿಲ್ಲ, ಮೇಲ್ದರ್ಜೆಯ ಕೆಲಸ ಗಡುವು ತಪ್ಪಿತು. ಕಾವಲು ಗಡಿಯಾರ ಇಡೀ ಗಣಕವನ್ನು ಮರುಚಾಲನೆ ಮಾಡಿತು, ಮತ್ತೆ ಮತ್ತೆ. ಪರಿಹಾರ ಏಳು ವರ್ಷ ಮೊದಲೇ ಸಿದ್ಧವಾಗಿತ್ತು. ಷಾ, ರಾಜ್‌ಕುಮಾರ್, ಲೆಹೊಸ್ಕಿ ಎಂಬ ಮೂವರು ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಕೆಲಸವನ್ನು ೧೯೯೦ರಲ್ಲಿ ಪ್ರಕಟಿಸಿದ್ದರು: ಕೀಲಿಕೈ ಹಿಡಿದಿರುವಷ್ಟು ಹೊತ್ತು ಹುಡುಗನಿಗೆ ಸಾಹುಕಾರನ ದರ್ಜೆಯನ್ನೇ ಕೊಡಿ, ಆಗ ಯಾವ ಮೇಸ್ತ್ರಿಯೂ ಅವನನ್ನು ತಡೆಯಲಾರ. ಭೂಮಿಯಿಂದಲೇ ಆದೇಶ ಕಳುಹಿಸಿ ಈ ನಿಯಮವನ್ನು ನೌಕೆಯಲ್ಲಿ ಜಾರಿಗೆ ತಂದೊಡನೆ ತೊಂದರೆ ನಿಂತಿತು. ಮಂಗಳಗ್ರಹವನ್ನು ಮನಸ್ಸಿನಲ್ಲಿಟ್ಟು ಮಾಡಿದ ಸಂಶೋಧನೆ ಅದಾಗಿರಲಿಲ್ಲ. ಆನೆಯ ಕಾಲರಿನಲ್ಲಿಯೂ ಜಿ.ಪಿ.ಎಸ್., ಮೊಬೈಲ್ ಭಾಗ, ಸ್ಮೃತಿಕೋಶ ಇವೆಲ್ಲ ಒಂದೇ ಸಣ್ಣ ಗಣಕವನ್ನು ಹಂಚಿಕೊಂಡಿವೆ. ಅದೇ ತೊಡಕು ಅಲ್ಲಿಯೂ ಬರಬಲ್ಲದು. ಅಲ್ಲಿ ಮರುಚಾಲನೆಗೆ ಒಂದೊಂದು ಸಲವೂ ಜೂಲುಗಳ ತೆರಿಗೆಯಿದೆ.

ಕಾಲುಸಂಕದ ನಡುಭಾಗ

ಹೊಸ ಸಾಧನವೊಂದು ಕಲ್ಪನೆಯಿಂದ ಬಳಕೆಗೆ ಬರುವ ದಾರಿಯನ್ನು ಒಂಬತ್ತು ಮೆಟ್ಟಿಲುಗಳಾಗಿ ಎಣಿಸುವ ರೂಢಿ ಅಮೆರಿಕದ ನಾಸಾ ಸಂಸ್ಥೆಯಿಂದ ಬಂದಿದೆ. ಕೆಳಗಿನ ಮೂರು ನಾಲ್ಕು ಮೆಟ್ಟಿಲುಗಳಿಗೆ ವಿಶ್ವವಿದ್ಯಾಲಯಗಳ ಮೂಲಕ ಹಣ ದೊರೆಯುವುದು. ಮೇಲಿನ ಎರಡಕ್ಕೆ, ಲಾಭದ ಭರವಸೆಯಿದ್ದರೆ, ಕೈಗಾರಿಕೆಗಳು ಮುಂದೆ ಬರುವುವು. ನಡುವಿನವಕ್ಕೆ ಯಾರೂ ಇಲ್ಲ. ಮಳೆಗಾಲದಲ್ಲಿ ಹಳ್ಳದ ಮೇಲಿನ ಕಾಲುಸಂಕ ಎರಡು ದಡಗಳಲ್ಲಿ ಗಟ್ಟಿಯಾಗಿ ನಿಂತು ನಡುವೆ ಕೊಚ್ಚಿಹೋದಂತೆ ಇದು. ಆನೆಯ ಕಾಲರಿನಂತಹ ವಸ್ತುವಿಗೆ ಈ ತೊಂದರೆ ಇಮ್ಮಡಿ. ಏಕೆಂದರೆ ಇದನ್ನು ಕೊಳ್ಳುವವರು ಇಲಾಖೆಗಳೇ ಹೊರತು ಸಾವಿರಾರು ಗಿರಾಕಿಗಳಲ್ಲ. ಮಾರುಕಟ್ಟೆ ಈ ನಡುಭಾಗವನ್ನು ಕಟ್ಟೀತೆಂದು ಕಾದು ಕೂರುವುದು ವ್ಯರ್ಥ. ಸಾರ್ವಜನಿಕ ಧನ ಅತ್ಯಗತ್ಯವಾಗಿ ಬೀಳಬೇಕಾದುದು ಇಲ್ಲಿಯೇ.

ನಮ್ಮ ಎಣಿಕೆಯಲ್ಲಿ ಹತ್ತು ರೂಪಾಯಿಯಿದ್ದರೆ ಎರಡನ್ನು ಸಿದ್ಧಾಂತಕ್ಕೆ ಬಿಡಬೇಕು. ಎರಡು ಮೂರನ್ನು ಎಲ್ಲರಿಗೂ ಒದಗುವ ಸಾಮಾನ್ಯ ಭಾಗಗಳಿಗೆ ಇಡಬೇಕು: ಮದ್ರಾಸಿನ ಐ.ಐ.ಟಿ.ಯ 'ಶಕ್ತಿ', ಸಿ-ಡ್ಯಾಕ್ ಸಂಸ್ಥೆಯ 'ವೇಗ' ಇಂತಹ ಸ್ವದೇಶಿ ಸಂಸ್ಕಾರಕಗಳು, ಅವುಗಳ ಮೇಲೆ ನಡೆಯುವ ಗಡುವು ಕಾಯುವ ತಂತ್ರಾಂಶ, ಶಕ್ತಿವ್ಯಯವನ್ನು ಅಳೆಯುವ ಉಪಕರಣ. ಕಾಲರು ಮಾಡುವವನೂ ಪ್ರವಾಹದ ಮುನ್ಸೂಚನೆ ಮಾಡುವವನೂ ಇವನ್ನು ಪ್ರತಿಯೊಂದು ಸಲವೂ ಹೊಸದಾಗಿ ಕಟ್ಟುವುದು ದುಂದು. ಉಳಿದ ಅರ್ಧವನ್ನು ಬಯಲಿಗೂ ಪಾಲನೆಗೂ ಕೊಡಬೇಕೆಂದರೆ ಕೆಲವರು ಹುಬ್ಬೇರಿಸಬಹುದು. ಬಯಲೆಂದರೆ ನಮ್ಮ ಮನಸ್ಸಿನಲ್ಲಿರುವುದು ಯಸಳೂರಿನಂತಹ ಕಡೆ ಒಂದು ಕಾಯಂ ಪರೀಕ್ಷಾನೆಲೆ. ಯಾವ ತಂಡ ಬೇಕಾದರೂ ತನ್ನ ಸಾಧನವನ್ನು ಅಲ್ಲಿಗೆ ತಂದು, ಕಣಿವೆಯ ತಳದಲ್ಲಿ, ತೊಯ್ದ ಎಲೆಗಳ ನಡುವೆ, ಜಿಗಣೆಯ ಕಾಲದಲ್ಲಿ ಅದು ಎಷ್ಟು ಗಡುವುಗಳನ್ನು ಉ‌ಳಿಸಿಕೊಂಡಿತು, ಎಷ್ಟು ತಪ್ಪಿತು ಎಂಬ ದಾಖಲೆಯನ್ನು ಪಡೆಯುವಂತಿರಬೇಕು. ಪ್ರಕಟಿಸಿದ ಪ್ರಬಂಧಗಳ ಸಂಖ್ಯೆಯ ಪಕ್ಕದಲ್ಲಿ ತಪ್ಪಿದ ಗಡುವುಗಳ ಸಂಖ್ಯೆಯನ್ನೂ ವರದಿಯಲ್ಲಿ ಬರೆಯಲಿ. ಆನೆಯ ಈ ಹೊತ್ತಿನ ಸ್ಥಾನವನ್ನು ಮಾತ್ರ ಊರಿಗೆಲ್ಲ ಸಾರಬಾರದು. ದಂತಚೋರರಿಗೂ ಮೊಬೈಲ್ ಉಂಟು.

ಪಾಲನೆಗೆ ಜನ ಬೇಕು. ಹಾಸನದಲ್ಲಿ ೧೯೬೦ರಿಂದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇದೆ. ಇಂತಹ ನೆಲೆಯಿದ್ದರೆ ಅಲ್ಲಿಯ ವಿದ್ಯಾರ್ಥಿಗೆ ಬೆಂಗಳೂರಿಗೆ ಹೋಗದೆಯೂ ನಿಜವಾದ ಯಂತ್ರದ ಮೇಲೆ ಕೈಯಾಡಿಸುವ ಅವಕಾಶ ದೊರೆತೀತು. ವಾಲ್ಪಾರೈಯಲ್ಲಿ ಕೆಂಪು ದೀಪಗಳನ್ನು ಎತ್ತರದ ಕಡೆ ನಿಲ್ಲಿಸಿ, ಆನೆ ಹತ್ತಿರವಿದ್ದಾಗ ಮೊಬೈಲಿನಿಂದಲೇ ಬೆಳಗಿಸುವ ಸರಳ ಏರ್ಪಾಡೊಂದುಂಟು. ಅದು ನಿಂತಿರುವುದು ದೀಪದ ಜಾಣತನದ ಮೇಲಲ್ಲ; ಅದನ್ನು ಬೆಳಗಿಸುವ ಹೊಣೆ ಹೊತ್ತ ಊರವರ ಮೇಲೆ.

ಇನ್ನು ಹಣದ ಕಾಲ. ನಮ್ಮ ಆರ್ಥಿಕ ವರ್ಷ ಮಾರ್ಚಿ ೩೧ಕ್ಕೆ ಮುಗಿಯುತ್ತದೆ. ಮಂಜೂರಾತಿ ತಡವಾಗಿ ಬಂದು, ಬಳಕೆಯ ಪ್ರಮಾಣಪತ್ರಕ್ಕೆ ಮಾರ್ಚಿ ಹತ್ತಿರವಾದಾಗ ಸುಲಭವಾಗಿ ಮುಗಿಯುವ ವೆಚ್ಚವೆಂದರೆ ಉಪಕರಣಗಳ ಖರೀದಿ. ಮಳೆಗಾಲ ಶುರುವಾಗುವುದು ಜೂನಿನಲ್ಲಿ. ಹೀಗಾಗಿ ಪೆಟ್ಟಿಗೆಗಳು ಬೇಸಗೆಯಲ್ಲಿ ಬಂದಿಳಿಯುತ್ತವೆ, ಅವನ್ನು ಮಳೆಯಲ್ಲಿ ಪರೀಕ್ಷಿಸುವವನ ಸಂಬಳ ಮಾತ್ರ ಮುಂದಿನ ಕಂತಿಗಾಗಿ ಕಾಯುತ್ತಿರುತ್ತದೆ. ಗಡುವಿನ ವಿಜ್ಞಾನಕ್ಕೆ ಕೊಡುವ ಹಣವೇ ಗಡುವು ತಪ್ಪುವುದು ಸ್ವಲ್ಪ ವಿನೋದದ ಸಂಗತಿ.

ಈ ಮಾತು ಏಕೆ ಮುಖ್ಯವೆಂಬುದಕ್ಕೆ ಇನ್ನೂ ಬಿಡಿಸದ ಒಂದು ಸಮಸ್ಯೆಯನ್ನು ನೋಡೋಣ. ಕಾಲರು ತೊಟ್ಟ ಆನೆಯ ಸುದ್ದಿ ಮಾತ್ರ ಕಾಲರಿನಿಂದ ಬರುತ್ತದೆ. ಒಂಟಿಯಾಗಿ ತಿರುಗುವ ಸಲಗಗಳೆಲ್ಲಕ್ಕೂ ಪಟ್ಟಿ ತೊಡಿಸುವುದು ಆಗದ ಮಾತು. ಅವುಗಳಿಗೆ ದಾರಿಯಲ್ಲಿಯೇ ಕಾವಲಿರುವ ಸಾಧನ ಬೇಕು. ಆನೆಗಳು ಮನುಷ್ಯನ ಕಿವಿಗೆ ಕೇಳದಷ್ಟು ತಗ್ಗಿನ ದನಿಯಲ್ಲಿ ಪರಸ್ಪರ ಕರೆಯುವುವೆಂದು ಕೇಟಿ ಪೇನ್ ಮತ್ತು ಸಂಗಡಿಗರು ೧೯೮೦ರ ದಶಕದಲ್ಲಿ ಏಷ್ಯದ ಆನೆಗಳಲ್ಲಿ ತೋರಿಸಿಕೊಟ್ಟರು. ಸೆಕೆಂಡಿಗೆ ೧೭ ಕಂಪನಗಳ ದನಿಯ ತರಂಗದೂರ ಸುಮಾರು ೨೦ ಮೀಟರು. ಕಾಫಿಗಿಡವಾಗಲಿ ನೆರಳುಮರವಾಗಲಿ ಅದಕ್ಕೆ ದೊಡ್ಡ ತಡೆಯಲ್ಲ. ಆದರೆ ಈ ದನಿಯನ್ನು ಸೆಕೆಂಡಿಗೆ ೨೦೦ ಸಲ ಅಳೆದು, ಅಳತೆಗೆ ಎರಡು ಬೈಟಿನಂತೆ ದೂರಕ್ಕೆ ಕಳುಹಿಸಹೊರಟರೆ ಗಂಟೆಗೆ ೧೪ ಲಕ್ಷ ಬೈಟುಗಳಾಗುವುವು. 'ಇಲ್ಲಿ ಆನೆ' ಎಂಬ ಸುದ್ದಿಗೆ ೨೦ ಬೈಟು ಸಾಕು. ಆದಕಾರಣ ದನಿಯನ್ನು ಕೇಳಿ ನಿರ್ಣಯಿಸುವ ಲೆಕ್ಕವೆಲ್ಲ ಮರಕ್ಕೆ ಕಟ್ಟಿದ ಆ ಸಣ್ಣ ಪೆಟ್ಟಿಗೆಯೊಳಗೇ, ಕೆಲವೇ ಮಿಲಿವ್ಯಾಟುಗಳಲ್ಲಿ ನಡೆಯಬೇಕು.

ಆ ಪೆಟ್ಟಿಗೆಗೆ ಯಸಳೂರಿನಲ್ಲಿ ಕೇಳಿಸುವುದು ಆನೆಯ ದನಿಯೊಂದೇ ಅಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ತಗಡಿನ ಮಾಡುಗಳ ಮೇಲೆ ಮಳೆ, ತುಂಬಿ ಹರಿಯುವ ಹಳ್ಳ, ಗಾಳಿಗೆ ತೊನೆಯುವ ಸಿಲ್ವರ್ ಓಕು. ಕೊಯ್ಲಿನ ಕಾಲ ಬಂದರೆ ಹಣ್ಣು ಬಿಡಿಸುವ ಪಲ್ಪರ್ ಯಂತ್ರಗಳ ಗುಂಯ್‌ಗಾಟ, ಏರು ಹತ್ತುವ ಲಾರಿಗಳ ಎಂಜಿನ್ನು. ಇವುಗಳ ನಡುವೆ ಆನೆಯನ್ನು ಬೇರ್ಪಡಿಸಲು ಕಲಿಯಬೇಕಾದರೆ ಮೊದಲ ವರ್ಷದ ಮಳೆಯಲ್ಲಿಯೂ ಕೊಯ್ಲಿನಲ್ಲಿಯೂ ದನಿಗಳನ್ನು ಸಂಗ್ರಹಿಸಬೇಕು, ಎರಡನೆಯ ವರ್ಷ ಅದೇ ಋತುಗಳಲ್ಲಿ ಪರೀಕ್ಷಿಸಬೇಕು, ಮೂರನೆಯ ವರ್ಷ ಜನರ ಕೈಗೆ ಕೊಟ್ಟು ನೋಡಬೇಕು. ಮೊದಲ ಕಂತು ಮೇ ತಿಂಗಳೊಳಗೆ ತಲುಪದಿದ್ದರೆ ಮೂರು ವರ್ಷದ ಯೋಜನೆಯಲ್ಲಿ ಮಳೆಗಾಲಗಳು ಎರಡೇ ಉಳಿಯುವುವು.